ಒಡೆದ ನಕ್ಷತ್ರದ ಕಾವು ಅಳೆಯೋದು ಹೇಗೆ?

ಸಾರು ಉಕ್ಕಿ ಗ್ಯಾಸ್ ಒಲೆ ಮೇಲೆ ಚೆಲ್ಲಿದಾಗ ಉರಿಯ ಬಣ್ಣ ಗಮನಿಸಿದ್ದೀರಾ? ಅಲ್ಲಿವರೆಗೂ ನೀಲಿಯಾಗಿ ಉರೀತಿದ್ದದ್ದು ಒಮ್ಮೆಗೇ ಹಳದಿಗೆ ತಿರುಗುತ್ತೆ. ಆ ಹಳದಿ ಸಾರಿನದಲ್ಲ, ಸಾರಿಗೆ ಹಾಕಿದ ಉಪ್ಪಿನದು. ಉಪ್ಪಿನಲ್ಲಿರೋ ಸೋಡಿಯಂ ಬೆಂಕಿಗೆ ಸಿಕ್ಕರೆ ಎಲ್ಲಕ್ಕಿಂತ ಜೋರಾಗಿ ಕೊಡೋದು 589 ನ್ಯಾನೋಮೀಟರ್ ಆಸುಪಾಸಿನ ಹಳದಿ ಬೆಳಕನ್ನ. ಅಡುಗೆಮನೆ ಬಾಗಿಲಲ್ಲಿ ನಿಂತವರು ಒಲೆ ಹತ್ತಿರ ಹೋಗದೇನೇ, ರುಚಿ ನೋಡದೇನೇ, "ಉಪ್ಪು ಬಿತ್ತು" ಅಂತ ಹೇಳಬಹುದು. ದೂರದಿಂದ ಬಂದ ಬೆಳಕನ್ನು ಹೀಗೆ ಬಣ್ಣ ಬಣ್ಣವಾಗಿ ಬಿಡಿಸಿ, ಅದು ಹೊರಟ ಜಾಗದಲ್ಲಿ ಏನಿದೆ, ಎಷ್ಟು ಕಾದಿದೆ ಅಂತ ಓದೋ ವಿದ್ಯೆಗೆ ಸ್ಪೆಕ್ಟ್ರೋಸ್ಕೋಪಿ ಅಂತಾರೆ. ಹೈಸ್ಕೂಲಿನ ಪುಸ್ತಕದಲ್ಲಿ ರೋಹಿತ ಅಂತ ಒಂದು ಪದ ಇತ್ತಲ್ಲ, ಅದನ್ನು ಓದೋ ಕಲೆ.

ಈ ಸಲ ಅಂಕಣಕ್ಕೆ ಆರಿಸಿಕೊಂಡಿರೋದು ಆ ವಿದ್ಯೆಯ ಒಂದು ಕಷ್ಟದ ಮೂಲೆ. ಒಡೆದು ಹೋದ ನಕ್ಷತ್ರಗಳ ಸುತ್ತ ಏಟು ತಿಂದು ಕಾದಿರೋ ಅನಿಲವನ್ನ ಅತಿನೇರಳೆ ಬೆಳಕಿನಲ್ಲಿ ನೋಡೋದು. ಕೇಳೋಕೆ ದೂರದ ಮಾತು ಅನಿಸುತ್ತೆ. ಆದ್ರೆ ಇದರ ಕೆಲಸ ನಡೆದಿರೋ ಒಂದು ಜಾಗ ಬೆಂಗಳೂರಿನಿಂದ ಕೋಲಾರಕ್ಕೆ ಹೋಗೋ ರಸ್ತೆಯಲ್ಲಿ ಸಿಗೋ ಹೊಸಕೋಟೆ. ಅಲ್ಲಿಗೆ ಆಮೇಲೆ ಬರ್ತೀನಿ.

ಮೊದಲು 'ಏಟು' ಅಂದರೇನು ಅಂತ ನೋಡೋಣ. ದನ ಹೊಡೆಯೋರ ಕೈಲಿ ಚಾಟಿ ಚಟೀರ್ ಅನ್ನುತ್ತಲ್ಲ, ಆ ಸದ್ದು ಚಾಟಿ ದನಕ್ಕೆ ಬಿದ್ದಿದ್ದಕ್ಕೆ ಬರೋದಲ್ಲ. ಖಾಲಿ ಗಾಳಿಯಲ್ಲಿ ಬೀಸಿದರೂ ಬರುತ್ತೆ. ಚಾಟಿಯ ತುದಿ ಆ ಕ್ಷಣ ಸದ್ದಿಗಿಂತ ಜೋರಾಗಿ, ಅಂದರೆ ಸೆಕೆಂಡಿಗೆ 340 ಮೀಟರಿಗಿಂತ ವೇಗವಾಗಿ ಓಡಿರುತ್ತೆ. ಮುಂದಿರೋ ಗಾಳಿಗೆ "ಬರ್ತಿದೀನಿ, ಸರಿ" ಅಂತ ಸುದ್ದಿ ಮುಟ್ಟೋ ಮೊದಲೇ ತುದಿ ಬಂದು ಅಪ್ಪಳಿಸುತ್ತೆ. ಗಾಳಿ ಪಕ್ಕಕ್ಕೆ ಸರಿಯೋಕೆ ಪುರುಸೊತ್ತಿಲ್ಲದೆ ಒಂದು ತೆಳು ಗೋಡೆಯ ಹಾಗೆ ಒತ್ತಿಕೊಂಡು ಬಿಸಿಯಾಗುತ್ತೆ. ಅದೇ ಆಘಾತ ತರಂಗ. 2020ರ ಮೇ 20ರ ಮಧ್ಯಾಹ್ನ ಬೆಂಗಳೂರಿನಲ್ಲಿ ಕಿಟಕಿ ನಡುಗಿಸಿದ ಆ ದೊಡ್ಡ ಸದ್ದು ನೆನಪಿರಬಹುದು. ಲಾಕ್‌ಡೌನಿನಲ್ಲಿ ಮನೆಯಿಂದಲೇ ಕೆಲಸ ಮಾಡ್ತಿದ್ದ ನಾವೆಲ್ಲ ಭೂಕಂಪ ಅಂದುಕೊಂಡು ಗ್ರೂಪುಗಳಲ್ಲಿ ಗದ್ದಲ ಎಬ್ಬಿಸಿದ್ವಿ. ಸಂಜೆ ಹೊತ್ತಿಗೆ ರಕ್ಷಣಾ ಇಲಾಖೆಯವರು ಅದು ವಾಯುಪಡೆಯ ಪರೀಕ್ಷಾರ್ಥ ವಿಮಾನ, ಶಬ್ದಕ್ಕಿಂತ ವೇಗವಾಗಿ ಹಾರಿದ್ದು ಅಂತ ತಿಳಿಸಿದರು. ಹನ್ನೊಂದು ಹನ್ನೆರಡು ಕಿಲೋಮೀಟರ್ ಮೇಲಿನಿಂದ ಬಂದ ಆಘಾತ ತರಂಗ ಅದು.

ಈಗ ಇದನ್ನೇ ನಕ್ಷತ್ರಕ್ಕೆ ಹಚ್ಚಿ. ಸೂರ್ಯನಿಗಿಂತ ಹತ್ತಾರು ಪಟ್ಟು ತೂಕದ ನಕ್ಷತ್ರವೊಂದು ಒಳಗಿನ ಇಂಧನ ಮುಗಿದು ಕುಸಿದು ಸಿಡಿದಾಗ ಅದರ ಹೊರಮೈ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಚಿಮ್ಮುತ್ತೆ. ಸೂಪರ್‌ನೋವಾ ಅನ್ನೋದು ಅದಕ್ಕೇ. ನಕ್ಷತ್ರಗಳ ನಡುವೆ ಖಾಲಿ ಇರೋದಿಲ್ಲ. ಒಂದು ಸಕ್ಕರೆ ಕ್ಯೂಬಿನಷ್ಟು ಜಾಗದಲ್ಲಿ ಒಂದೋ ಎರಡೋ ಪರಮಾಣು, ಅಲ್ಲಲ್ಲಿ ಧೂಳಿನ ಕಣ. ಆ ತೆಳು ಅನಿಲದಲ್ಲಿ ಸದ್ದಿನ ವೇಗ ಸೆಕೆಂಡಿಗೆ ಹತ್ತು ಕಿಲೋಮೀಟರಿನ ಆಸುಪಾಸು. ಸಿಡಿತದ ಗೋಡೆ ಅದಕ್ಕಿಂತ ನೂರಾರು ಪಟ್ಟು ವೇಗವಾಗಿ ಬರುತ್ತೆ. ಪರಮಾಣುಗಳು ಒಂದಕ್ಕೊಂದು ಢಿಕ್ಕಿ ಹೊಡೆಯೋಕೂ ಸಿಗದಷ್ಟು ದೂರದಲ್ಲಿದ್ದರೂ ಅಲ್ಲಿನ ಕಾಂತಕ್ಷೇತ್ರ ಅವನ್ನ ಹಿಡಿದು ತಡೆದು, ಓಟವನ್ನೆಲ್ಲ ಕಾವಾಗಿ ಬದಲಾಯಿಸುತ್ತೆ.

ಇಲ್ಲಿ ಒಂದು ಲೆಕ್ಕ ಇದೆ, ಎಂಜಿನಿಯರಿಂಗ್ ಓದಿದವನಿಗೆ ಬಹಳ ಹಿಡಿಸೋ ಲೆಕ್ಕ. ಆಘಾತ ಸೆಕೆಂಡಿಗೆ 100 ಕಿಲೋಮೀಟರ್ ವೇಗದಲ್ಲಿ ಬಡಿದರೆ ಅನಿಲ ಸುಮಾರು 1.4 ಲಕ್ಷ ಡಿಗ್ರಿಗೆ ಕಾಯುತ್ತೆ. ವೇಗ ದುಪ್ಪಟ್ಟಾದರೆ ಕಾವು ನಾಲ್ಕು ಪಟ್ಟು, ಅಂದರೆ ಐದೂವರೆ ಲಕ್ಷದ ಹತ್ತಿರ. ಸೂರ್ಯನ ಮೇಲ್ಮೈ ಐದೂವರೆ ಸಾವಿರ ಡಿಗ್ರಿ ಅಷ್ಟೇ ಅನ್ನೋದು ನೆನಪಿರಲಿ. ಹಾಗಾಗಿ ಕಾವು ಗೊತ್ತಾದರೆ ವೇಗ ಗೊತ್ತಾಯಿತು, ಬೇರೆ ಸ್ಪೀಡೋಮೀಟರ್ ಬೇಡ.

ಆದ್ರೆ ಎರಡು ಸಾವಿರ ಜ್ಯೋತಿರ್ವರ್ಷ ದೂರದ ಅನಿಲಕ್ಕೆ ಥರ್ಮಾಮೀಟರ್ ಇಡೋದು ಹೇಗೆ? ಪರಮಾಣುಗಳೇ ಥರ್ಮಾಮೀಟರ್. ಕಾವು ಹೆಚ್ಚಿದಂತೆ ಪರಮಾಣು ತನ್ನ ಎಲೆಕ್ಟ್ರಾನುಗಳನ್ನ ಒಂದೊಂದಾಗಿ ಕಳಚಿಕೊಳ್ಳುತ್ತೆ, ಬೇಸಿಗೆಯಲ್ಲಿ ನಾವು ಶಾಲು ಸ್ವೆಟರು ಬಿಚ್ಚಿದ ಹಾಗೆ. ಮೂರು ಎಲೆಕ್ಟ್ರಾನ್ ಕಳಕೊಂಡ ಕಾರ್ಬನ್ ಕಂಡರೆ ಅಲ್ಲಿ ಸುಮಾರು ಒಂದು ಲಕ್ಷ ಡಿಗ್ರಿ. ನಾಲ್ಕು ಕಳಕೊಂಡ ನೈಟ್ರೋಜನ್ ಕಂಡರೆ ಎರಡು ಲಕ್ಷದ ಹತ್ತಿರ. ಐದು ಕಳಕೊಂಡ ಆಕ್ಸಿಜನ್ ಕಂಡರೆ ಮೂರು ಲಕ್ಷ. ಈ ಆಕ್ಸಿಜನ್ ಕಾಣಬೇಕಾದರೆ ಆಘಾತ ಸೆಕೆಂಡಿಗೆ ಸುಮಾರು 160 ಕಿಲೋಮೀಟರ್ ಆದರೂ ಇರಬೇಕು. ಅದಕ್ಕಿಂತ ನಿಧಾನ ಇದ್ದರೆ ಅದು ಹೆಚ್ಚುಕಮ್ಮಿ ಕಾಣೋದೇ ಇಲ್ಲ.

ತೊಡಕು ಇರೋದು ಇಲ್ಲೇ. ಇವರು ಯಾರೂ ಕಣ್ಣಿಗೆ ಕಾಣೋ ಬೆಳಕಿನಲ್ಲಿ ಜೋರಾಗಿ ಮಾತಾಡೋರಲ್ಲ. ನಮ್ಮ ಕಣ್ಣು ನೋಡೋದು 400ರಿಂದ 700 ನ್ಯಾನೋಮೀಟರ್. ಆ ಕಾರ್ಬನ್ನಿನ ಗೆರೆ ಇರೋದು 155ರಲ್ಲಿ, ನೈಟ್ರೋಜನ್ನಿನದು 124ರಲ್ಲಿ, ಆಕ್ಸಿಜನ್ನಿನದು 103ರಲ್ಲಿ. ಎಲ್ಲ ಅತಿನೇರಳೆ. ನಮ್ಮ ಪುಣ್ಯಕ್ಕೆ ಓಝೋನು ಮತ್ತು ಗಾಳಿಯ ಆಕ್ಸಿಜನ್ ಸೇರಿ 300 ನ್ಯಾನೋಮೀಟರಿಗಿಂತ ಕೆಳಗಿನ ಬೆಳಕನ್ನ ನೆಲ ಮುಟ್ಟೋಕೆ ಬಿಡಲ್ಲ. ಬಿಟ್ಟಿದ್ದರೆ ನಾವಿಲ್ಲ. ಬಿಡದೆ ಇರೋದಕ್ಕೇ ಎಷ್ಟೇ ದೊಡ್ಡ ದೂರದರ್ಶಕ ಎಷ್ಟೇ ಎತ್ತರದ ಬೆಟ್ಟದ ಮೇಲಿಟ್ಟರೂ ಆ ಗೆರೆಗಳು ಸಿಗಲ್ಲ. ಗಾಳಿ ದಾಟಿ ಮೇಲೆ ಹೋಗಬೇಕು.

ಮೇಲೆ ಹೋಗಿ ಜನ ಹೆಚ್ಚಾಗಿ ನೋಡಿದ್ದು ಹಂಸ ನಕ್ಷತ್ರಪುಂಜದ ಒಂದು ಅವಶೇಷವನ್ನ. ಸಿಗ್ನಸ್ ಲೂಪ್ ಅಂತ ಹೆಸರು, ಅದರ ಕಾಣೋ ಭಾಗಗಳಿಗೆ ವೇಲ್ ನೆಬ್ಯುಲಾ ಅಂತಾರೆ, ಅಂದರೆ ಮುಸುಕು. 1784ರ ಸೆಪ್ಟೆಂಬರ್ 5ರಂದು ವಿಲಿಯಂ ಹರ್ಷೆಲ್ ಇದನ್ನ ಮೊದಲು ಗುರುತಿಸಿದ. ನಕ್ಷತ್ರ ಸಿಡಿದು ಹತ್ತರಿಂದ ಇಪ್ಪತ್ತು ಸಾವಿರ ವರ್ಷ ಆಗಿರಬಹುದು. ದೂರ ಸುಮಾರು 2,400 ಜ್ಯೋತಿರ್ವರ್ಷ. ಆಕಾಶದಲ್ಲಿ ಆರು ಹುಣ್ಣಿಮೆ ಚಂದ್ರರನ್ನ ಸಾಲಾಗಿ ಇಟ್ಟಷ್ಟು ಅಗಲ. ಫೋಟೋಗಳಲ್ಲಿ ಅದು ಎಳೆ ಎಳೆಯಾಗಿ, ದಾರದ ಹಾಗೆ ಕಾಣುತ್ತೆ. ಅವು ದಾರ ಅಲ್ಲ, ಹಾಳೆ. ಒಣಹಾಕಿದ ಸೀರೆ ಗಾಳಿಗೆ ಮಡಿಕೆ ಬಿದ್ದಾಗ ಮಡಿಕೆಯ ಅಂಚು ಮಾತ್ರ ಗೆರೆಯಾಗಿ ಎದ್ದು ಕಾಣುತ್ತಲ್ಲ, ಹಾಗೆ ಆಘಾತದ ಹಾಳೆ ನಮ್ಮ ಕಡೆ ಅಂಚು ತಿರುಗಿಸಿದ ಕಡೆ ಮಾತ್ರ ಬೆಳಕು ಒಟ್ಟಾಗಿ ಗೆರೆ ಆಗುತ್ತೆ.

1978ರಿಂದ 1996ರವರೆಗೆ ದುಡಿದ ಐಯುಇ ಉಪಗ್ರಹ, 1990ರ ಡಿಸೆಂಬರಿನಲ್ಲಿ ಕೊಲಂಬಿಯಾ ನೌಕೆಯಲ್ಲಿ ಹೋಗಿಬಂದ ಹಾಪ್ಕಿನ್ಸ್ ದೂರದರ್ಶಕ, 1999ರಲ್ಲಿ ಹಾರಿದ ಫ್ಯೂಸ್, ಎಲ್ಲ ಇದರ ರೋಹಿತ ತೆಗೆದವು. ಇವುಗಳ ಚರಿತ್ರೆ ಉದ್ದ, ಇಲ್ಲಿ ಬೇಡ. ನನಗೆ ಬಹಳ ಇಷ್ಟವಾದದ್ದು ಹಬಲ್ ದೂರದರ್ಶಕದಿಂದ ಮಾಡಿದ ಒಂದೇ ಒಂದು ಅಳತೆ. 2009ರಲ್ಲಿ ಹಬಲ್ಲಿಗೆ ಕಾಸ್ ಅನ್ನೋ ಹೊಸ ಅತಿನೇರಳೆ ಸಾಧನ ಜೋಡಿಸಿದರು. ಅದನ್ನಿಟ್ಟುಕೊಂಡು ಜಾನ್ ರೇಮಂಡ್ ಮತ್ತು ಸಂಗಡಿಗರು ಸಿಗ್ನಸ್ ಲೂಪಿನ ಒಂದು ಅಂಚಿನಲ್ಲಿ, ಸೆಕೆಂಡಿಗೆ ಸುಮಾರು 350 ಕಿಲೋಮೀಟರಿನ ಆಘಾತದ ಹಿಂದೆ, ಕಾರ್ಬನ್ನಿನ ಆ 155ರ ಗೆರೆ ಮತ್ತು ಹೀಲಿಯಮ್ಮಿನ 164ರ ಗೆರೆ ಎರಡನ್ನೂ ಅಳೆದರು. 2013ರಲ್ಲಿ ಅದು ಪ್ರಕಟವಾಯಿತು.

ಯಾಕೆ ಈ ಜೋಡಿ? ನಕ್ಷತ್ರಗಳ ನಡುವಿನ ಕಾರ್ಬನ್ನಿನ ಒಂದು ದೊಡ್ಡ ಪಾಲು ಧೂಳಿನ ಕಣಗಳೊಳಗೆ ಬಂಧಿಯಾಗಿರುತ್ತೆ. ಹೀಲಿಯಂ ಯಾರ ಜೊತೆಗೂ ಸೇರಲ್ಲ, ಧೂಳಿನೊಳಗೆ ಇರಲ್ಲ. ಆಘಾತ ಹಾದುಹೋದ ಮೇಲೆ ಕಾದ ಅನಿಲದ ಪರಮಾಣುಗಳು ಧೂಳಿನ ಕಣಕ್ಕೆ ಬಡಿದು ಬಡಿದು ಅದನ್ನ ಸವೆಸುತ್ತವೆ, ಕಾರ್ಬನ್ ಒಂದೊಂದಾಗಿ ಉದುರುತ್ತೆ. ಉದುರಿದ ಪರಮಾಣು ಆ ಕಾವಿಗೆ ಎಲೆಕ್ಟ್ರಾನುಗಳನ್ನ ಬೇಗ ಬೇಗ ಕಳಚುತ್ತಾ ಹೋಗುತ್ತೆ. ಮೂರು ಕಳಚಿದ ಸ್ಥಿತಿಯಲ್ಲಿ ಅದು ಇರೋದು ಸ್ವಲ್ಪ ಹೊತ್ತು ಮಾತ್ರ. ಆ ಹೊತ್ತಲ್ಲಿ ಒಂದಿಷ್ಟು 155ರ ಬೆಳಕು ಬಿಟ್ಟು ಮುಂದಿನ ಹಂತಕ್ಕೆ ದಾಟುತ್ತೆ. ದಾವಣಗೆರೆಯಿಂದ ಬೆಂಗಳೂರಿಗೆ ಹೋಗುವಾಗ ಹೆಬ್ಬಾಳು ಟೋಲಿನಲ್ಲಿ ಫಾಸ್ಟ್ಯಾಗ್ ಬೀಪ್ ಅನ್ನುತ್ತಲ್ಲ, ಹಾಗೆ. ಕಾರು ನಿಲ್ಲಲ್ಲ, ಆದ್ರೆ ಬೀಪ್ ಎಣಿಸಿದರೆ ಎಷ್ಟು ಕಾರು ದಾಟಿದವು ಅನ್ನೋ ಲೆಕ್ಕ ಸಿಗುತ್ತೆ. ಆಘಾತದ ಗೋಡೆಯಿಂದ ಹಿಂದೆ ಹಿಂದೆ ಹೋದಂತೆ ಹೀಲಿಯಮ್ಮಿಗೆ ಹೋಲಿಸಿದರೆ ಕಾರ್ಬನ್ ಯಾವ ಲೆಕ್ಕದಲ್ಲಿ ಹೊಳೆಯುತ್ತೆ ಅಂತ ನೋಡಿದರೆ, ಧೂಳು ಎಲ್ಲಿ ಎಷ್ಟು ಸವೆಯುತ್ತಿದೆ ಅಂತ ನೇರವಾಗಿ ಗೊತ್ತಾಯಿತು. ಯಾರೂ ಹೋಗಲಾಗದ ಜಾಗದಲ್ಲಿ, ಒಂದೊಂದು ಕಣ ಪುಡಿಯಾಗೋದರ ಲೆಕ್ಕ!

ಸರ್ವರ್ ಬಿದ್ದಾಗ ನಾವು ಲಾಗ್ ಫೈಲ್ ತೆಗೆದು ಓದ್ತೀವಿ. ಏನಾಯ್ತು ಅಂತ ಕಣ್ಣಾರೆ ನೋಡಿದವರು ಯಾರೂ ಇರಲ್ಲ, ಸಾಲುಗಳ ಸಮಯ ಮತ್ತು ಕ್ರಮದಿಂದಲೇ ಹಿಡಿಯಬೇಕು. ಈ ಅಳತೆ ಓದಿದಾಗ ನನಗೆ ಅದೇ ತೃಪ್ತಿ ಆಯ್ತು. ಲಾಗ್ ದಾರಿ ತಪ್ಪಿಸೋದೂ ಉಂಟು. ಅದೇ ಕಾರ್ಬನ್ ಗೆರೆ ಹಾಳೆಯ ಅಂಚಿನಲ್ಲಿ ಅಡ್ಡ ಹಾಯುವಾಗ ಬೇರೆ ಕಾರ್ಬನ್ ಅಯಾನುಗಳಿಗೇ ಸಿಕ್ಕಿ ಆಚೀಚೆ ಚದುರುತ್ತೆ, ಹಾಗಾಗಿ ಇರಬೇಕಾದ್ದಕ್ಕಿಂತ ಮಂಕಾಗಿ ಕಾಣಬಹುದು. ಅದನ್ನ ಸರಿದೂಗಿಸದೆ ಕಾವು ಲೆಕ್ಕ ಹಾಕಿದರೆ ಉತ್ತರ ತಪ್ಪುತ್ತೆ.

ಊರಿಗೆ ಹೋದಾಗ ಇಂಥದ್ದೆಲ್ಲ ಹೇಳಿದರೆ ನಮ್ಮ ದೊಡ್ಡಪ್ಪ ಒಂದೇ ಪ್ರಶ್ನೆ ಕೇಳ್ತಾರೆ: "ಇದ್ರಿಂದ ನಮ್ ಜಗಳೂರು ತಾಲ್ಲೂಕಿಗೆ ಏನಪ್ಪಾ ಬಂತು?" ಬಿಳಿಚೋಡಿನವರು ಹಾಗೆ ಕೇಳೋದು ತಪ್ಪಲ್ಲ. ತುಂಗಭದ್ರೆ ನೀರನ್ನ 57 ಕೆರೆಗಳಿಗೆ ತುಂಬಿಸೋ ಯೋಜನೆಗೆ ವರ್ಷಗಟ್ಟಲೆ ಕಾದ ತಾಲ್ಲೂಕು ನಮ್ಮದು. ಬೋರು ಕೊರೆಸಿ ಸೋತ ಮನೆಗಳ ನಡುವೆ ನಿಂತು ಸಿಗ್ನಸ್ ಲೂಪಿನ ಮಾತು ಆಡೋದಕ್ಕೆ ಸ್ವಲ್ಪ ಧೈರ್ಯ ಬೇಕು. ನೀರು ಬರಲ್ಲ ದೊಡ್ಡಪ್ಪ ಅಂತ ನೇರವಾಗೇ ಹೇಳ್ತೀನಿ. ಆದ್ರೆ ನಮ್ಮ ಹೊಲದ ಕೆಂಪು ಮಣ್ಣಿನ ಕೆಂಪು ಕಬ್ಬಿಣದ್ದು, ಆ ಕಬ್ಬಿಣ ಹೆಚ್ಚಾಗಿ ಸಿಡಿದ ನಕ್ಷತ್ರಗಳಲ್ಲೇ ತಯಾರಾಗಿದ್ದು. ತಯಾರಾಗಿದ್ದರಲ್ಲಿ ಎಷ್ಟು ಧೂಳಾಗಿ ಉಳೀತು, ಎಷ್ಟು ಇನ್ನೊಂದು ಸಿಡಿತದ ಏಟಿಗೆ ಪುಡಿಯಾಗಿ ಮತ್ತೆ ಅನಿಲಕ್ಕೆ ಸೇರಿತು ಅನ್ನೋ ಲೆಕ್ಕ ಸಿಗದೆ ಭೂಮಿಯಂಥ ಗ್ರಹಕ್ಕೆ ಸಾಮಾನು ಹೇಗೆ ಒದಗಿತು ಅನ್ನೋ ಕಥೆ ಪೂರ್ತಿಯಾಗಲ್ಲ. ಇಷ್ಟು ಹೇಳಿದರೆ ಅವರು "ಹೂಂ" ಅಂತಾರೆ. ಒಪ್ಪಿದರೋ ಬಿಟ್ಟರೋ ಗೊತ್ತಾಗಲ್ಲ.

ಇನ್ನು ಹೊಸಕೋಟೆ. ಕೋರಮಂಗಲದಲ್ಲಿರೋ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್, ಐಐಎ ಅಂತ ಕರೀತಾರೆ, ಅವರ ಕ್ರೆಸ್ಟ್ ಆವರಣ ಅಲ್ಲಿದೆ. ಲಡಾಖಿನ ಹಾನ್ಲೆಯ ದೂರದರ್ಶಕವನ್ನ ಉಪಗ್ರಹದ ಸಂಪರ್ಕದಿಂದ ಅಲ್ಲಿ ಕೂತೇ ನಡೆಸ್ತಾರೆ. ಅದೇ ಆವರಣದ ಎಂ.ಜಿ.ಕೆ. ಮೆನನ್ ಪ್ರಯೋಗಾಲಯದಲ್ಲಿ ಯುವಿಐಟಿ ಅನ್ನೋ ಅತಿನೇರಳೆ ದೂರದರ್ಶಕ ಜೋಡಣೆಯಾಯಿತು. ಐಐಎ, ಪುಣೆಯ ಐಯುಕಾ, ಮುಂಬೈಯ ಟಿಐಎಫ್‌ಆರ್, ಇಸ್ರೋ, ಕೆನಡಾ ಬಾಹ್ಯಾಕಾಶ ಸಂಸ್ಥೆ ಕೈಜೋಡಿಸಿದ ಕೆಲಸ. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಆಸ್ಟ್ರೋಸ್ಯಾಟ್ ಉಪಗ್ರಹದೊಳಗೆ ಕೂತು ಮೇಲೆ ಹೋಯಿತು.

ಅತಿನೇರಳೆಗೆ ಸಾಧನ ಮಾಡೋರ ದೊಡ್ಡ ಶತ್ರು ಕೊಳೆ. ಕನ್ನಡಿ ಮೇಲೆ ಎಣ್ಣೆಯ ಆವಿ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಕೂತರೂ ಸಾಕು, ಆ ಬೆಳಕನ್ನ ನುಂಗಿಬಿಡುತ್ತೆ. ಅಂಟು, ಪ್ಲಾಸ್ಟಿಕ್, ಬೆರಳ ಗುರುತು, ಎಲ್ಲದಕ್ಕೂ ಹೆದರಬೇಕು. ಅದಕ್ಕೇ ಧೂಳಿಲ್ಲದ ಕೋಣೆಯಲ್ಲಿ ಜೋಡಿಸಿದರು, ಮೇಲೆ ಹೋದ ಮೇಲೂ ಉಪಗ್ರಹದೊಳಗಿನ ಆವಿಯೆಲ್ಲ ಹೊರಹೋಗಲಿ ಅಂತ ಸುಮಾರು ಎರಡು ತಿಂಗಳು ದೂರದರ್ಶಕದ ಬಾಗಿಲು ತೆರೆಯದೆ ಕಾದರು. ಆತುರದ ಕಾಲದಲ್ಲಿ ಇಂಥ ತಾಳ್ಮೆ ನೋಡಿದರೆ ನನಗಂತೂ ಗೌರವ ಬರುತ್ತೆ. ನಮ್ಮ ಉದ್ಯಮದಲ್ಲಿ ಶುಕ್ರವಾರ ಸಂಜೆಯೇ ಹೊಸ ಕೋಡು ಬಿಡ್ತಾರೆ.

ಯುವಿಐಟಿಯ ಕನ್ನಡಿಗಳು ತಲಾ 38 ಸೆಂಟಿಮೀಟರ್ ಅಷ್ಟೇ, ಒಂದು ಊಟದ ತಟ್ಟೆಗಿಂತ ಸ್ವಲ್ಪ ದೊಡ್ಡವು. ಆದ್ರೆ ಚಿತ್ರದ ಚುರುಕಿನಲ್ಲಿ ಅದಕ್ಕೆ ಮೊದಲು ಆಕಾಶದ ಬಹುಭಾಗ ತಡಕಿದ್ದ ಅಮೆರಿಕದ ಗ್ಯಾಲೆಕ್ಸ್ ಉಪಗ್ರಹಕ್ಕಿಂತ ಮೂರು ಪಟ್ಟು ಮೇಲು. 130ರಿಂದ 180 ನ್ಯಾನೋಮೀಟರ್ ಭಾಗದಲ್ಲಿ ಬೆಳಕನ್ನ ಬಿಡಿಸೋ ಗ್ರೇಟಿಂಗ್ ಕೂಡ ಇದೆ, ಕಾರ್ಬನ್ನಿನ 155 ಅದರೊಳಗೇ ಬರುತ್ತೆ. ಬಿಡಿಸೋದು ಒರಟೊರಟಾಗಿ, ಹಬಲ್ಲಿನಷ್ಟು ನಯವಾಗಿ ಅಲ್ಲ. ಅದರ ಎರಡು ಅತಿನೇರಳೆ ಕಣ್ಣುಗಳಲ್ಲಿ ಒಂದು, 200ರಿಂದ 300ರ ಭಾಗ ನೋಡ್ತಿದ್ದದ್ದು, 2018ರಲ್ಲೇ ಕೆಟ್ಟಿತು.

ಒಡೆದ ನಕ್ಷತ್ರಗಳ ಅನಿಲಕ್ಕೇ ಅಂತ ಹೇಳಿಮಾಡಿಸಿದ ಹಾಗಿರೋ ಇನ್ನೊಂದು ಸಾಧನ ಐಐಎಯಲ್ಲಿ ಹುಟ್ಟಿದೆ. ಸಿಂಗ್ ಅಂತ ಹೆಸರು. ಸ್ಪೆಕ್ಟ್ರೋಸ್ಕೋಪಿಕ್ ಇನ್ವೆಸ್ಟಿಗೇಶನ್ಸ್ ಆಫ್ ನೆಬ್ಯುಲರ್ ಗ್ಯಾಸ್ ಅನ್ನೋದರ ಮೊದಲಕ್ಷರಗಳು. ಉದ್ದನೆಯ ಒಂದು ಸೀಳಿನ ಮೂಲಕ ಬೆಳಕು ಹಿಡಿದು ಸುಮಾರು 140ರಿಂದ 270 ನ್ಯಾನೋಮೀಟರಿನವರೆಗೆ ಬಿಡಿಸೋದು ಅದರ ಕೆಲಸ. ಸೀಳು ಉದ್ದ ಇದ್ದರೆ ಏನು ಲಾಭ ಅಂದರೆ, ಸಿಗ್ನಸ್ ಲೂಪಿನಂಥ ವಿಶಾಲ ಅವಶೇಷದಲ್ಲಿ ಒಂದು ಬಿಂದು ಅಲ್ಲ, ಒಂದು ಇಡೀ ಪಟ್ಟಿಯ ಕಾವನ್ನ ಒಂದೇ ಸಲಕ್ಕೆ ಓದಬಹುದು. ಹಬಲ್ ಸೂಜಿಮೊನೆಯಿಂದ ಚುಚ್ಚಿ ನೋಡುತ್ತೆ, ಇದು ಹಲಗೆ ಹೊಡೆದ ಹಾಗೆ ಸಾಲು ಸಾಲಾಗಿ ಗೋರುತ್ತೆ. ಎರಡೂ ಬೇಕು. ಇದನ್ನ ಮುನ್ನಡೆಸಿದ ಜಯಂತ್ ಮೂರ್ತಿ ಅವರು ಅತಿನೇರಳೆ ಖಗೋಳದಲ್ಲೇ ಜೀವನ ಸವೆಸಿದವರು. ಪ್ಲೂಟೋ ದಾಟಿಹೋದ ನ್ಯೂ ಹೊರೈಜನ್ಸ್ ನೌಕೆಯ ಸಾಧನದಿಂದ ಆಕಾಶದ ಹಿನ್ನೆಲೆ ಬೆಳಕು ಅಳೆದ ತಂಡದಲ್ಲಿದ್ದರು, ಅವರ ಹೆಸರಿನ ಒಂದು ಕ್ಷುದ್ರಗ್ರಹವೂ ಇದೆ.

ಸಿಂಗ್ ಹೋಗಬೇಕಾಗಿದ್ದದ್ದು ಚೀನಾದ ಬಾಹ್ಯಾಕಾಶ ನಿಲ್ದಾಣಕ್ಕೆ. ವಿಶ್ವಸಂಸ್ಥೆ ಮತ್ತು ಚೀನಾ ಸೇರಿ ಲೋಕದ ವಿಜ್ಞಾನಿಗಳಿಂದ ಪ್ರಸ್ತಾವ ಕರೆದಾಗ 2019ರ ಜೂನ್‌ನಲ್ಲಿ ಆಯ್ಕೆಯಾದ ಒಂಬತ್ತರಲ್ಲಿ ಇದೂ ಒಂದು, ರಷ್ಯಾದ ವಿಜ್ಞಾನ ಅಕಾಡೆಮಿಯ ಖಗೋಳ ಸಂಸ್ಥೆ ಜೊತೆಗಾರ. ಸರಿಯಾಗಿ ಒಂದು ವರ್ಷಕ್ಕೆ, 2020ರ ಜೂನ್‌ನಲ್ಲಿ, ಗಲ್ವಾನ್ ಕಣಿವೆಯಲ್ಲಿ ನಮ್ಮ ಸೈನಿಕರು ಸತ್ತರು. 2022ರ ಕೊನೆಗೆ ಚೀನಾದ ನಿಲ್ದಾಣ ಕಟ್ಟಿ ಮುಗೀತು, ಸಿಂಗ್ ಆಗಲೂ ನೆಲದ ಮೇಲೇ ಇತ್ತು. ಸತ್ತ ಸೈನಿಕರ ಮನೆಯವರ ಎದುರು ನಿಂತು "ಉಪಕರಣ ಕಳಿಸಿಬಿಡಿ" ಅನ್ನೋಕೆ ನನಗೆ ಬಾಯಿ ಬರಲ್ಲ. ಆದ್ರೆ ವರ್ಷಗಟ್ಟಲೆ ಎಣ್ಣೆಯ ಆವಿ ತಾಗದ ಹಾಗೆ ಕಾಪಾಡಿ ಕಟ್ಟಿದ ವಿದ್ಯಾರ್ಥಿಗಳ ಸಂಕಟವೂ ಸಣ್ಣದಲ್ಲ. ಚೀನಾದ್ದು ಬೇಡ ಅಂದರೆ ನಮ್ಮದೇ ರಾಕೆಟ್ಟಿನಲ್ಲಿ ಒಂದು ಜಾಗ ಹುಡುಕಿ ಕೊಡಲಿ ಅನ್ನೋದು ನನ್ನ ಅಭಿಪ್ರಾಯ.

ಹಬಲ್ ಹಾರಿದ್ದು 1990ರಲ್ಲಿ, ಫ್ಯೂಸ್ ನಿಂತದ್ದು 2007ರಲ್ಲಿ. ಆಸ್ಟ್ರೋಸ್ಯಾಟನ್ನ ಮಾಡಿದ್ದು ಐದು ವರ್ಷಕ್ಕೆ ಅಂತ, ಅದನ್ನ ದಾಟಿ ದುಡಿಯಿತು. ಇವು ಕಣ್ಣು ಮುಚ್ಚಿದರೆ ಒಂದು ಲಕ್ಷ ಡಿಗ್ರಿಯ ಅನಿಲವನ್ನ ಹೀಗೆ ಬಿಡಿಸಿ ನೋಡೋರ ಸಂಖ್ಯೆ ಬೆರಳೆಣಿಕೆಗೂ ಇಳಿಯುತ್ತೆ. ಐಐಎಯವರು ಇನ್‌ಸಿಸ್ಟ್ ಅನ್ನೋ ಒಂದು ಮೀಟರ್ ಕನ್ನಡಿಯ ಅತಿನೇರಳೆ ದೂರದರ್ಶಕದ ಪ್ರಸ್ತಾವವನ್ನ ಇಸ್ರೋಗೆ ಕೊಟ್ಟಿದ್ದಾರೆ. ಕನ್ನಡಿ ಹಬಲ್ಲಿಗಿಂತ ಚಿಕ್ಕದು, ಅದು ನೋಡೋ ಆಕಾಶದ ಅಗಲ ಹೆಚ್ಚು.

ಕೊನೆಗೆ ಎರಡು ಕೆಲಸದ ಮಾತು. ಆಸ್ಟ್ರೋಸ್ಯಾಟಿನ ದತ್ತಾಂಶ ಬಿಡದಿ ಹತ್ತಿರದ ಬ್ಯಾಲಾಳಿನ ಇಸ್ರೋ ಕೇಂದ್ರದಲ್ಲಿದೆ. ವೀಕ್ಷಣೆ ಕೇಳಿದ ವಿಜ್ಞಾನಿಯ ಕಾಲಾವಕಾಶ ಮುಗಿದ ಮೇಲೆ ಅದು ಎಲ್ಲರಿಗೂ ಮುಕ್ತ. ಹೆಸರು ನೋಂದಾಯಿಸಿಕೊಂಡರೆ ಆಯಿತು. ಫೈಲುಗಳು ಫಿಟ್ಸ್ ಅನ್ನೋ ರೂಪದಲ್ಲಿರ್ತವೆ, ಪೈಥಾನ್ ಬರೋರು ಆಸ್ಟ್ರೋಪೈ ಬಳಸಿ ತೆರೆಯಬಹುದು. ಬಿಎಸ್ಸಿ, ಎಂಜಿನಿಯರಿಂಗ್ ಓದ್ತಿರೋ ಮಕ್ಕಳು ಮನೆಯಲ್ಲಿದ್ದರೆ ಈ ಸಾಲನ್ನ ತೋರಿಸಿ.

ಬರೀ ನೋಡೋ ಆಸೆ ಇರೋರಿಗೆ: ದಸರಾ ಆಸುಪಾಸು, ಮಳೆ ಹೊಳವಾದ ರಾತ್ರಿ, ಒಂಬತ್ತು ಗಂಟೆಗೆ ಊರಾಚೆ ಹೋಗಿ ಉತ್ತರಕ್ಕೆ ಮುಖ ಮಾಡಿ. ನೆತ್ತಿಗಿಂತ ಸ್ವಲ್ಪ ಕೆಳಗೆ ಶಿಲುಬೆ ಆಕಾರದ ನಕ್ಷತ್ರಗಳು ಕಾಣ್ತವೆ, ಅದೇ ಹಂಸ. ಬಲಗಡೆಯ, ಅಂದರೆ ಪೂರ್ವದ ಕಡೆಯ ರೆಕ್ಕೆಯ ನಕ್ಷತ್ರದಿಂದ ನೆತ್ತಿಯ ಕಡೆಗೆ ಆರು ಚಂದ್ರರಷ್ಟು ಸರಿದರೆ ಸಿಗ್ನಸ್ ಲೂಪ್. ಬರಿಗಣ್ಣಿಗೆ ಕಾಣಲ್ಲ. ದೊಡ್ಡ ಬೈನಾಕ್ಯುಲರ್ ಇದ್ದು, ಬಿಳಿಚೋಡಿನಷ್ಟು ಕತ್ತಲೆಯೂ ಇದ್ದರೆ ಮಂಕಾದ ಒಂದು ಕಮಾನು ಕಾಣಬಹುದು. ಮೊಬೈಲ್ ಜೇಬಿನಲ್ಲೇ ಇರಲಿ, ಕಣ್ಣು ಕತ್ತಲೆಗೆ ಹೊಂದಿಕೊಳ್ಳೋಕೆ ಇಪ್ಪತ್ತು ನಿಮಿಷ ಬೇಕು.